ರ‍್ಯಾಮ್ ವೇಗ, ಪತ್ರಾಸಿನ ಕೋಣೆ

ರ‍್ಯಾಮಿನ ವೇಗ ಹೆಚ್ಚಿಸಿದರೆ ಬಿಸಿಯಾಗಬೇಕಾದದ್ದು ರ‍್ಯಾಮ್. ಗೇಣು ದೂರದಲ್ಲಿ ಕೂತ ಪ್ರೊಸೆಸರ್ ಯಾಕೆ ಕಾಯಬೇಕು? ಈ ಪ್ರಶ್ನೆಯನ್ನು ನನ್ನ ಕೊರಳಿಗೆ ಕಟ್ಟಿದವನು ಅಕ್ಕನ ಮಗ. ಸಾಂಗಲಿಯ ಗಾವಭಾಗದಲ್ಲಿ ಅವನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಇಂಟೆಲ್ ಕೋರ್ ಐ7-12700, ಮೈಮೇಲೆ 3200 ಎಂದು ಬರೆದ ಎರಡು ಡಿಡಿಆರ್4 ಪಟ್ಟಿ, ಪ್ರೊಸೆಸರಿನ ಡಬ್ಬಿಯಲ್ಲೇ ಬಂದ ಕೂಲರ್. ತಂದಾಗಿನಿಂದ ಆ ರ‍್ಯಾಮ್ 2133ರಲ್ಲೇ ಓಡುತ್ತಿತ್ತು. ಯಾರೂ ಗಮನಿಸಿರಲಿಲ್ಲ.

“ರೊಕ್ಕ ಕೊಟ್ಟಿದ್ದು 3200ಕ್ಕ ಮಾಮಾ, ಓಡೂದು 2133. ಅದಕ್ಕ ಬಯೋಸ್‌ದಾಗ ಎಕ್ಸ್‌ಎಂಪಿ ಆನ್ ಮಾಡಿದೆ. ಅವತ್ತಿಂದ ಸಿಪಿಯು ಕಾಯೂದಂದ್ರ ಕಾಯೂದು. ಫ್ಯಾನ್ ಒಂದಽ ಸವನ ಹೊಯ್ಕೊಳ್ಳಾಕತ್ತೈತಿ ನೋಡ್ರಿ.”

ಲಗ್ನದ ಸೀಜನ್ನಿನ ನಟ್ಟನಡುವೆ, ಏಪ್ರಿಲ್ ಬಿಸಿಲಲ್ಲಿ, ಇಂಥ ಪ್ರಯೋಗಕ್ಕೆ ಇಳಿಯುವವನಿಗೆ ಬುದ್ಧಿ ಹೇಳಬೇಕಾದದ್ದು ಸೋದರಮಾವನ ಕೆಲಸ. ಹೇಳಲಿಲ್ಲ. ನನಗೂ ಕುತೂಹಲ ಹತ್ತಿತು.

*

ಮೊದಲು ಎಕ್ಸ್‌ಎಂಪಿ ಅಂದರೆ ಏನೆಂದು ಬರೆದಿಟ್ಟುಕೊಳ್ಳೋಣ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೂ ಎಸ್‌ಪಿಡಿ ಎಂಬ ಒಂದು ಸಣ್ಣ ಚಿಪ್ ಇರುತ್ತದೆ. ಆ ಪಟ್ಟಿಯ ಜಾತಕವೆಲ್ಲ ಅದರಲ್ಲಿ: ಯಾವ ವೇಗ, ಎಷ್ಟು ವೋಲ್ಟ್, ಯಾವ ಹೆಜ್ಜೆಗೆ ಎಷ್ಟು ಕಾಲ. ಯಾವ ಬೋರ್ಡಿನಲ್ಲೂ ಸುರಕ್ಷಿತವಾಗಿ ಓಡುವ ನಿಧಾನದ ವೇಗ ಮೊದಲ ಪುಟದಲ್ಲಿದ್ದರೆ, ತಯಾರಕರು ಜಾಹೀರಾತು ಕೊಟ್ಟು ಮಾರಿದ ವೇಗ ಹಿಂದಿನ ಪುಟದಲ್ಲಿ. ಆ ಹಿಂದಿನ ಪುಟವೇ ಎಕ್ಸ್‌ಎಂಪಿ. ಡಿಡಿಆರ್3 ಬಂದಾಗ, 2007ರಲ್ಲಿ, ಇಂಟೆಲ್ ಇದನ್ನು ತಂದಿತು. ಎಎಂಡಿ ತನ್ನದೇ ಎಕ್ಸ್‌ಪೊ ತಂದದ್ದು 2022ರಲ್ಲಿ, ಡಿಡಿಆರ್5ರ ಜೊತೆಗೆ. ಡಿಡಿಆರ್4ರ ನಿಯಮದ ವೋಲ್ಟೇಜ್ 1.2. ಎಕ್ಸ್‌ಎಂಪಿ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು 1.35. ಇದು ರ‍್ಯಾಮಿಗೆ ಹೋಗುವ ವೋಲ್ಟೇಜ್, ಪ್ರೊಸೆಸರಿನದಲ್ಲ. ಹಾಗಾಗಿ ಪ್ರಶ್ನೆ ಇದ್ದಲ್ಲೇ ಉಳಿಯಿತು.

*

ಮಿರಜ ಸ್ಟೇಶನ್ ಕಡೆಯ ಒಂದು ರಿಪೇರಿ ಅಂಗಡಿ. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಫೋನಿನಲ್ಲಿ ಮುಂಬೈ ಡೀಲರನ ಜೊತೆ ಹಿಂದಿ. ಮಾಲೀಕರ ಕೈ ಮಾತ್ರ ಸ್ಕ್ರೂಡ್ರೈವರ್ ಬಿಡುವುದಿಲ್ಲ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಆಸ್ಪತ್ರೆ ಶುರು ಮಾಡಿದಾಗಿನಿಂದ ಅಥಣಿ, ಕಾಗವಾಡ, ರಾಯಬಾಗದ ಜನಕ್ಕೆ ಮಿರಜವೆಂದರೆ ದವಾಖಾನೆಯ ಊರು. ಈಗ ಅದೇ ಗಾಡಿಯಲ್ಲಿ ಕೆಟ್ಟ ಕಂಪ್ಯೂಟರೂ ಬರುತ್ತದೆ. ಅಜ್ಜನನ್ನು ಡಾಕ್ಟರ ಹತ್ತಿರ ಕೂಡಿಸಿ ಮೊಮ್ಮಗ ಪೆಟ್ಟಿಗೆ ಹೊತ್ತು ಇಲ್ಲಿಗೆ. ಎರಡಕ್ಕೂ ಸಂಜೆ ರಿಪೋರ್ಟ್.

ನನ್ನ ಪ್ರಶ್ನೆ ಕೇಳಿ ಮಾಲೀಕರು ಮೂಲೆಯ ರಾಶಿಯಿಂದ ಒಂದು ಹಳೆಯ ಬೋರ್ಡ್ ಎಳೆದರು. ಪ್ರೊಸೆಸರಿನ ಜಾಗಕ್ಕೂ ರ‍್ಯಾಮಿನ ಸ್ಲಾಟಿಗೂ ನಡುವೆ ಹಲ್ಲುಹಲ್ಲಾದ ಅಲ್ಯೂಮಿನಿಯಮ್ಮಿನ ಒಂದು ಪುಟ್ಟ ತುಂಡು, ಹಲ್ಲುಗಳ ಸಂದಿಯಲ್ಲಿ ಹತ್ತು ವರ್ಷದ ಧೂಳು ಗಟ್ಟಿಯಾಗಿ ಕೂತಿತ್ತು.

“ಇದು ನಾರ್ತ್‌ಬ್ರಿಜ್ ರೀ ಸರ್. ಮೊದಲು ರ‍್ಯಾಮಿನ ಕಾರಭಾರ ಎಲ್ಲಾ ಇದರ ಕಡೆ ಇತ್ತು. ರ‍್ಯಾಮ್ ಜೋರ್ ಓಡಿದ್ರ ಇದು ಕಾಯ್ತಿತ್ತು, ಪ್ರೊಸೆಸರ್ ತಣ್ಣಗ. ಈಗಿನ ಬೋರ್ಡ್‌ದಾಗ ಇದು ಎಲ್ಲೈತಿ ತೋರಸ್ರಿ?”

ಇಲ್ಲ. ರ‍್ಯಾಮಿನ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರನ್ನು ಎಎಂಡಿ 2003ರಲ್ಲೇ ಪ್ರೊಸೆಸರಿನ ಹೊಟ್ಟೆಗೆ ಹಾಕಿತು. ಇಂಟೆಲ್ ತನ್ನ ಮೇಜಿನ ಕಂಪ್ಯೂಟರಿನ ಚಿಪ್‌ಗಳಲ್ಲಿ ಅದೇ ಕೆಲಸ ಮಾಡಿದ್ದು 2008ರ ನವೆಂಬರಿನಲ್ಲಿ, ಮೊದಲ ಕೋರ್ ಐ7 ಬಂದಾಗ. ಆವತ್ತಿನಿಂದ ರ‍್ಯಾಮಿನ ವೇಗದ ಖರ್ಚಿನಲ್ಲಿ ಒಂದು ಪಾಲು ಪ್ರೊಸೆಸರಿನ ಲೆಕ್ಕಕ್ಕೆ ಬೀಳತೊಡಗಿತು. ಸಂಬಂಧ ಇದೆ, ಸರಿ. ಆದರೆ ಪಾಲು ಎಷ್ಟು?

*

ಅಂಗಡಿಯಲ್ಲಿ ಪೆನ್‌ಡ್ರೈವ್ ಕೊಳ್ಳಲು ನಿಂತಿದ್ದ ವಾಲಚಂದ ಎಂಜಿನಿಯರಿಂಗ್ ಕಾಲೇಜಿನ ಹುಡುಗನೊಬ್ಬ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟ. ಚಿಪ್ ತಿನ್ನುವ ವಿದ್ಯುತ್ತು ಗಡಿಯಾರದ ವೇಗಕ್ಕೆ ನೇರವಾಗಿ ಏರುತ್ತದೆ, ವೋಲ್ಟೇಜಿಗೆ ಅದರ ವರ್ಗದಂತೆ ಏರುತ್ತದೆ. 2133ರಿಂದ 3200 ಅಂದರೆ ವೇಗ ಒಂದೂವರೆ ಪಟ್ಟು. ಇಂಟೆಲ್ ಚಿಪ್‌ಗಳಲ್ಲಿ ಕಂಟ್ರೋಲರಿಗೆ ಊಟ ಬಡಿಸುವ ವೋಲ್ಟೇಜಿಗೆ ಸಿಸ್ಟಮ್ ಏಜೆಂಟ್ ಎಂದು ಹೆಸರು. ಬೋರ್ಡು ಅದನ್ನು 1.05ರಿಂದ 1.2ಕ್ಕೆ ಏರಿಸಿದರೆ, ವರ್ಗದ ಲೆಕ್ಕದಲ್ಲಿ ಇನ್ನೊಂದು 1.3 ಪಟ್ಟು. ಎರಡನ್ನೂ ಗುಣಿಸಿದರೆ ಹೆಚ್ಚುಕಡಿಮೆ ಇಮ್ಮಡಿ. ಕಂಟ್ರೋಲರ್ ಮೊದಲು 4 ವ್ಯಾಟ್ ತಿನ್ನುತ್ತಿತ್ತು ಎಂದು ಹಿಡಿದರೆ ಈಗ 8.

ಸಾಧಾರಣ ಕೂಲರಿನಲ್ಲಿ ಒಂದು ವ್ಯಾಟ್ ಏರಿದರೆ ಅರ್ಧ ಡಿಗ್ರಿ ಏರುತ್ತದೆ ಎಂದು ಅಂದಾಜು ಹಿಡಿಯೋಣ. 4 ವ್ಯಾಟಿಗೆ 2 ಡಿಗ್ರಿ. ಅಷ್ಟೇ. ಕಿಟಕಿ ತೆಗೆದರೆ ಬರುವ ವ್ಯತ್ಯಾಸ.

ಆದರೆ ಅಳಿಯನ ಪರದೆಯ ಮೇಲೆ ಕಂಡದ್ದು 2 ಡಿಗ್ರಿ ಅಲ್ಲ. ರೆಂಡರ್ ಹಚ್ಚಿದಾಗ ಮೊದಲು 70ರ ಆಸುಪಾಸು ಇರುತ್ತಿದ್ದದ್ದು ಈಗ 95 ದಾಟುತ್ತಿತ್ತು.

ಇನ್ನೊಂದು ಗಂಟು. 12ನೇ ಪೀಳಿಗೆಯ ಚಿಪ್‌ಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಇಲ್ಲದವುಗಳ ಸಿಸ್ಟಮ್ ಏಜೆಂಟ್ ವೋಲ್ಟೇಜಿಗೆ ಇಂಟೆಲ್ ಬೀಗ ಹಾಕಿದೆ. ಇವನ 12700ಕ್ಕೆ ಕೆ ಇಲ್ಲ. ಅಂದರೆ ಬೋರ್ಡು ಏರಿಸಬೇಕೆಂದರೂ ಆ ವೋಲ್ಟೇಜ್ ಏರುವಂತಿಲ್ಲ. ಹುಡುಗ ಬರೆದುಕೊಟ್ಟ ಲೆಕ್ಕದಲ್ಲಿ 1.3ನ್ನು ಹೊಡೆದುಹಾಕಿದೆ. ಉಳಿದದ್ದು ಒಂದು ಡಿಗ್ರಿ. ಹಾಗಾದರೆ ಮಿಕ್ಕ ಇಪ್ಪತ್ತೈದು ಎಲ್ಲಿಂದ ಬಂತು?

*

ಒಂದು ಊಹೆ, ಸಾಕಷ್ಟು ಚೆಂದದ್ದು. ಪ್ರೊಸೆಸರಿನ ಕೋರ್ ಒಂದು ಅಂಕಿಗಾಗಿ ರ‍್ಯಾಮಿನವರೆಗೆ ಹೋಗಿ ಬರಲು ಹೆಚ್ಚುಕಡಿಮೆ 80 ನ್ಯಾನೊಸೆಕೆಂಡ್ ಬೇಕು. 4 ಗಿಗಾಹರ್ಟ್ಸ್‌ನಲ್ಲಿ ಓಡುವ ಕೋರಿಗೆ ಅದು 320 ಬಡಿತದ ಕಾಲ. ಅಷ್ಟು ಹೊತ್ತು ಅದು ಬೇರೆ ಕೆಲಸ ಹುಡುಕುತ್ತದೆ, ಸಿಗದಿದ್ದರೆ ಬರಿಗೈಲಿ ನಿಲ್ಲುತ್ತದೆ. ಬರಿಗೈಲಿ ನಿಂತ ಕೋರ್ ಕಡಿಮೆ ವಿದ್ಯುತ್ತು ತಿನ್ನುತ್ತದೆ. ರ‍್ಯಾಮ್ ಚುರುಕಾದರೆ ನಿಲ್ಲುವ ಹೊತ್ತು ಕಡಿಮೆ, ದುಡಿತ ಜಾಸ್ತಿ, ಕಾವೂ ಜಾಸ್ತಿ. ಇದರಲ್ಲಿ ನನಗೆ ಮೋಜೆನಿಸಿದ ಸಂಗತಿ: ಟಾಸ್ಕ್ ಮ್ಯಾನೇಜರಿನಲ್ಲಿ ಎರಡೂ ಸಲ 100 ಪರ್ಸೆಂಟ್ ಎಂದೇ ಕಾಣುತ್ತದೆ. ಕೆಲಸ ಮಾಡುತ್ತಿರುವ ಕೋರನ್ನೂ ರ‍್ಯಾಮಿನ ದಾರಿ ನೋಡುತ್ತ ನಿಂತ ಕೋರನ್ನೂ ಅದು ಒಂದೇ ಹಾಜರಿ ಪುಸ್ತಕದಲ್ಲಿ ಬರೆಯುತ್ತದೆ. ಸರ್ಕಾರಿ ಕಚೇರಿ ಕಂಡವರಿಗೆ ಇದು ಹೊಸದೇನಲ್ಲ.

ಊಹೆ ನಿಜವೇ. ಆದರೆ ನಮ್ಮ ಕೇಸಿಗೆ ಹೊಂದುವುದಿಲ್ಲ. ಫೈಲುಗಳನ್ನು ಜಿಪ್ ಮಾಡುವ ಕೆಲಸಕ್ಕೆ ರ‍್ಯಾಮಿನ ವೇಗ ಚೆನ್ನಾಗಿ ತಟ್ಟುತ್ತದೆ, ಕೆಲವು ಆಟಗಳಿಗೂ ತಟ್ಟುತ್ತದೆ. ವಿಡಿಯೊ ಎನ್‌ಕೋಡಿಂಗ್ ಅಷ್ಟಾಗಿ ರ‍್ಯಾಮಿನ ದಾರಿ ಕಾಯುವ ಕೆಲಸವಲ್ಲ. ಅದರ ಬಹುಪಾಲು ಲೆಕ್ಕ ಚಿಪ್ಪಿನ ಒಳಗಿನ ಕ್ಯಾಶ್‌ನಲ್ಲೇ ನಡೆದುಹೋಗುತ್ತದೆ. ಇಪ್ಪತ್ತೈದು ಡಿಗ್ರಿಯ ಕಳ್ಳ ಬೇರೆ ಎಲ್ಲೋ ಇದ್ದಾನೆ.

*

ಅಂಗಡಿಯವರಿಗೆ ಫೋನ್ ಹಚ್ಚಿದೆ. ನಗು ಕೇಳಿಸಿತು.

“ರ‍್ಯಾಮ್‌ದಾಗ ಏನಿಲ್ರಿ ಸರ್, ಬೋರ್ಡ್ ಶಾಣ್ಯಾ ಐತಿ. ವ್ಯಾಟ್ ನೋಡ್ರಿ, ಡಿಗ್ರಿ ನೋಡಬ್ಯಾಡ್ರಿ.”

ವ್ಯಾಟ್ ನೋಡಿದೆವು. ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಪ್ಯಾಕೇಜ್ ಪವರ್ ಎಂಬ ಸಾಲು. ಐ7-12700ಕ್ಕೆ ಇಂಟೆಲ್ ಹೇಳಿದ ಲೆಕ್ಕ ಎರಡು: ಸ್ವಲ್ಪ ಹೊತ್ತು 180 ವ್ಯಾಟ್, ಆಮೇಲೆ 65 ವ್ಯಾಟ್. ಆ ಸ್ವಲ್ಪ ಹೊತ್ತು ಸಾಮಾನ್ಯವಾಗಿ 28 ಸೆಕೆಂಡು. ಅದು ಮುಗಿದ ಮೇಲೆ ಚಿಪ್ ತಾನೇ ತಗ್ಗಬೇಕು. ಇವನ ಯಂತ್ರ ತಗ್ಗುತ್ತಲೇ ಇರಲಿಲ್ಲ. ಅರ್ಧ ನಿಮಿಷ ಕಳೆಯಿತು, ಐದು ನಿಮಿಷ ಕಳೆಯಿತು, 120ರ ಮೇಲೆಯೇ ಕೂತಿತ್ತು.

ಬಯೋಸಿಗೆ ಹೋಗಿ ನೋಡಿದರೆ ಎಕ್ಸ್‌ಎಂಪಿ ಆನ್ ಆದೊಡನೆ ಇನ್ನೊಂದು ಸಾಲೂ ಸದ್ದಿಲ್ಲದೆ ಬದಲಾಗಿತ್ತು. ವಿದ್ಯುತ್ತಿನ ಮಿತಿ ‘ಆಟೊ’. ಆಟೊ ಎಂದರೆ ಆ ಬೋರ್ಡಿನ ಪ್ರಕಾರ ಮಿತಿಯೇ ಇಲ್ಲ. “ಎಕ್ಸ್‌ಎಂಪಿ ಒತ್ತಿದ ಕೂಡ್ಲೇ ಏನೋ ಒಂದು ಕೇಳ್ತು ಮಾಮಾ, ಪರ್ಫಾರ್ಮನ್ಸ್ ಅಂತ ಇತ್ತು, ಯೆಸ್ ಅಂದೆ,” ಎಂದ ಅಳಿಯ. ಪರ್ಫಾರ್ಮನ್ಸ್ ಬೇಕೋ ಎಂದು ಕೇಳಿದರೆ ಬೇಡ ಎನ್ನುವವರು ಯಾರು? ಇಂಥ ಬೋರ್ಡುಗಳು ಹೊಸವೇನಲ್ಲ. ರ‍್ಯಾಮ್ ವೇಗ ಮುಟ್ಟಿದವನು ಎಲ್ಲ ವೇಗವನ್ನೂ ಬಯಸುತ್ತಾನೆ ಎಂದು ತಾವೇ ತೀರ್ಮಾನಿಸಿ ಎಲ್ಲ ಕೋರುಗಳನ್ನೂ ಮೇಲಿನ ವೇಗಕ್ಕೆ ಏರಿಸುವ, ಮಿತಿ ಸಡಿಲಿಸುವ ಪದ್ಧತಿ ಹತ್ತು ವರ್ಷಕ್ಕಿಂತ ಹಿಂದಿನದು. ಎದ್ದು ಕಾಣುವಂತೆ ಬರೆಯಬೇಕಾದ ಮಾತನ್ನು ಮೂರನೇ ಮೆನುವಿನ ಒಳಗೆ ಬಚ್ಚಿಡುವುದು ನನಗಂತೂ ಸರಿಕಾಣುವುದಿಲ್ಲ.

ಈಗ ಅರ್ಧ ಡಿಗ್ರಿಯ ಲೆಕ್ಕ ಮತ್ತೆ ಹಾಕಿದೆ. ಕೋಣೆ 35 ಡಿಗ್ರಿ, 65 ವ್ಯಾಟಿಗೆ 32: ಒಟ್ಟು 67. ಮೊದಲು ಕಂಡದ್ದಕ್ಕೆ ಹತ್ತಿರ. ಅದೇ ಕೋಣೆಯಲ್ಲಿ 130 ವ್ಯಾಟ್ ಆದರೆ 65 ಸೇರಿ 100. ಈ ಚಿಪ್ 100 ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಕಳ್ಳ ಸಿಕ್ಕ.

*

ಮಿರಜದ ಸತಾರಮೇಕರ್ ಗಲ್ಲಿಯಲ್ಲಿ ಹಾಯ್ದು ಬಂದೆ. ಇಲ್ಲಿಯ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರಿಗೆ ಸ್ವಲ್ಪ ತಡವಾಗಿಯೇ ಬಂದ ಮುದ್ರೆ. ಕಟ್ಟೆಯ ಮೇಲೆ ಒಬ್ಬರು ಹೊಸ ತಂಬೂರಿಗೆ ತಂತಿ ಕಟ್ಟುತ್ತಿದ್ದರು. ಒಂದು ತಂತಿಯನ್ನು ಬಿಗಿದರು, ಮತ್ತೆ ಮೊದಲ ತಂತಿಗೆ ಹೋದರು, ಅದು ಇಳಿದಿತ್ತು, ಅದನ್ನು ಏರಿಸಿದರು, ಮೂರನೆಯದು ಇಳಿಯಿತು. ಒಂದರ ಎಳೆತಕ್ಕೆ ದಂಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಉಳಿದ ತಂತಿಗಳು ಸಡಿಲವಾಗುತ್ತವೆ. ಬಯೋಸಿನಲ್ಲೂ ನಡೆಯುವುದು ಇದೇ. ವ್ಯತ್ಯಾಸವೆಂದರೆ ತಂಬೂರಿ ಕಟ್ಟುವವರು ಪ್ರತಿ ಸಲವೂ ನಾಲ್ಕೂ ತಂತಿ ಮೀಟಿ ನೋಡುತ್ತಾರೆ.

*

ಇದೇ ಊರಲ್ಲಿ ಒಬ್ಬ ಗೆಳೆಯ ಸಣ್ಣ ರೆಕಾರ್ಡಿಂಗ್ ಕೋಣೆ ಇಟ್ಟಿದ್ದಾನೆ. ಅವನಿಗೆ ಡಿಗ್ರಿ ಮುಖ್ಯವಲ್ಲ, ಫ್ಯಾನಿನ ಸದ್ದು ಮುಖ್ಯ. ತಂಬೂರಿ ನುಡಿಸಿ ಕೈಬಿಟ್ಟ ಮೇಲೆ ಉಳಿಯುವ ನಾದದಲ್ಲಿ ಫ್ಯಾನಿನ ಗುಂಯ್ ಸೇರಿದರೆ ಆ ಟೇಕ್ ಹಾಳು. ಅವನದು ಎಎಂಡಿಯ ರೈಜನ್ 5 3600, ರ‍್ಯಾಮ್ 3200ಕ್ಕೆ ಏರಿಸಿದ್ದು. ಅವನ ದೂರು ಬೇರೆ ಜಾತಿಯದು: ಕೆಲಸವಿಲ್ಲದೆ ಸುಮ್ಮನೆ ಕೂತಾಗಲೇ ಕಾವು ತುಸು ಏರಿದೆ, ಪೂರ್ತಿ ದುಡಿಸಿದಾಗ ಏರಿಲ್ಲ.

ಇದು ನನ್ನನ್ನು ಒಂದು ರಾತ್ರಿ ಕಾಡಿತು. ದುಡಿದಾಗ ಏರದ ಕಾವು ಸುಮ್ಮನಿದ್ದಾಗ ಹೇಗೆ ಏರುತ್ತದೆ?

ಉತ್ತರ ಆ ಚಿಪ್ಪಿನ ಮನೆಕಟ್ಟಿನಲ್ಲಿದೆ. 2019ರಲ್ಲಿ ಬಂದ ಈ ಸರಣಿಯ ಮೇಜಿನ ಚಿಪ್‌ಗಳಲ್ಲಿ ಕೋರುಗಳು 7 ನ್ಯಾನೊಮೀಟರಿನ ಒಂದು ತುಂಡಿನಲ್ಲಿವೆ, ಮೆಮೊರಿ ಕಂಟ್ರೋಲರ್ 12 ನ್ಯಾನೊಮೀಟರಿನ ಪ್ರತ್ಯೇಕ ತುಂಡಿನಲ್ಲಿದೆ. ಒಂದೇ ಮುಚ್ಚಳದ ಕೆಳಗೆ ಎರಡು ಮನೆ. ನಡುವಿನ ರಸ್ತೆಗೆ ಇನ್‌ಫಿನಿಟಿ ಫ್ಯಾಬ್ರಿಕ್ ಎಂದು ಹೆಸರು, ಅದರ ಗಡಿಯಾರ ರ‍್ಯಾಮಿನ ಜೊತೆ ಹೆಜ್ಜೆ ಹಾಕುತ್ತದೆ. 3200 ರ‍್ಯಾಮಿನ ನಿಜವಾದ ಗಡಿಯಾರ 1600, ಹಾಗಾಗಿ ರಸ್ತೆಯೂ 1600. ಕೋರುಗಳು ಮಲಗಿದರೂ ರಸ್ತೆಯ ದೀಪ ಉರಿಯುತ್ತಲೇ ಇರುತ್ತದೆ. ಸುಮ್ಮನಿದ್ದಾಗಿನ ಕೆಲವು ವ್ಯಾಟ್ ಇಲ್ಲಿಯದು.

ದುಡಿಸಿದಾಗ? ಈ ಚಿಪ್ಪಿಗೆ ಒಟ್ಟು 88 ವ್ಯಾಟಿನ ಮಿತಿ, ಅದರಲ್ಲೇ ಎರಡೂ ಮನೆಗಳ ಊಟ. ಕಂಟ್ರೋಲರ್ 4 ವ್ಯಾಟ್ ಜಾಸ್ತಿ ತಿಂದರೆ, ಮಿತಿ ಮುಟ್ಟುವಂಥ ಕೆಲಸದಲ್ಲಿ ಕೋರುಗಳ ಪಾಲಿನಿಂದಲೇ 4 ಹೋಗುತ್ತದೆ. ಒಟ್ಟು ಅಷ್ಟೇ, ಕಾವೂ ಅಷ್ಟೇ. ಕೋರುಗಳ ವೇಗ ಮಾತ್ರ ಒಂದು ಎಳೆ ಕಡಿಮೆ. ಉಷ್ಣಮಾಪಕ ಇರುವುದು ಕೋರಿನ ಕಡೆ ಆದ್ದರಿಂದ ತಾಪ ತುಸು ಇಳಿದು ಕಂಡರೂ ಆಶ್ಚರ್ಯವಿಲ್ಲ. ಅಂದರೆ ರ‍್ಯಾಮ್ ವೇಗ ಏರಿಸಿದರೆ ಪ್ರೊಸೆಸರ್ ತಣ್ಣಗಾಗುತ್ತದೆ ಎಂದೂ ಒಬ್ಬ ಪರದೆ ತೋರಿಸಿ ವಾದಿಸಬಹುದು.

2022ರ ರೈಜನ್ 7000 ಸರಣಿಯ ದೊಡ್ಡ ಚಿಪ್‌ಗಳಲ್ಲಂತೂ ಈ ಪ್ರಶ್ನೆಗೇ ಅರ್ಥವಿಲ್ಲ. ಪೂರ್ತಿ ಹೊರೆಯಲ್ಲಿ 95 ಡಿಗ್ರಿಯವರೆಗೆ ಹೋಗಿ ಅಲ್ಲೇ ನಿಂತು ದುಡಿಯುವಂತೆ ಅವನ್ನು ಕಟ್ಟಿದ್ದಾರೆ. ಒಳ್ಳೆಯ ಕೂಲರ್ ಹಾಕಿದರೂ 95, ಸಾಧಾರಣದ್ದು ಹಾಕಿದರೂ 95. ಬದಲಾಗುವುದು ವೇಗ.

*

ನೆನಪಿಗೆ: ರ‍್ಯಾಮ್ ಪ್ರೊಫೈಲ್ ನಿಜವಾಗಿಯೂ ಪ್ರೊಸೆಸರನ್ನು ಸುಟ್ಟ ಕಾಲವೊಂದಿದೆ. 2023ರ ಏಪ್ರಿಲ್. ಎಕ್ಸ್‌ಪೊ ಆನ್ ಮಾಡಿದಾಗ ಕೆಲವು ಬೋರ್ಡುಗಳು ಕಂಟ್ರೋಲರಿನ ಕಡೆಯ ವೋಲ್ಟೇಜನ್ನು, ಎಎಂಡಿ ಭಾಷೆಯಲ್ಲಿ ಎಸ್‌ಒಸಿ ವೋಲ್ಟೇಜನ್ನು, ಅತಿಯಾಗಿ ಏರಿಸುತ್ತಿದ್ದವು. ಆಗಷ್ಟೇ ಪೇಟೆಗೆ ಬಂದಿದ್ದ 7800ಎಕ್ಸ್3ಡಿಯಂಥ ಕೆಲವು ಚಿಪ್‌ಗಳು ಉಬ್ಬಿ ಸುಟ್ಟವು. ಎಎಂಡಿ ಆ ವೋಲ್ಟೇಜಿಗೆ 1.3ರ ಕಡಿವಾಣ ಹಾಕಿ ಹೊಸ ಬಯೋಸ್ ಕೊಡಿಸಿತು. ಅಲ್ಲೂ ಬೆಂಕಿ ಹಚ್ಚಿದ್ದು ಮೆಗಾಹರ್ಟ್ಸ್ ಅಲ್ಲ, ಅದರ ಬೆನ್ನಿಗೆ ಬಂದ ವೋಲ್ಟ್.

*

ಕೋಣೆಯ ವಿಚಾರ ಬರೆಯಲೇಬೇಕು, ಯಾಕೆಂದರೆ ಅಂಕಿಗಳಲ್ಲಿ ಅದೇ ದೊಡ್ಡದು.

2019ರ ಆಗಸ್ಟಿನಲ್ಲಿ ಕೃಷ್ಣೆ ಗಾವಭಾಗದ ಮನೆಗಳೊಳಗೆ ಬಂದಳು. ಆಮೇಲೆ ಆ ಓಣಿಯಲ್ಲಿ ಬೆಲೆಬಾಳುವುದನ್ನು ನೆಲದ ಮೇಲೆ ಇಡುವ ಧೈರ್ಯ ಕಡಿಮೆಯಾಯಿತು. ಅಳಿಯನ ಎಡಿಟಿಂಗ್ ಟೇಬಲ್ಲೂ ಮಹಡಿಗೆ ಏರಿತು. ಮಹಡಿ ಎಂದರೆ ತಾರಸಿಯ ಮೇಲೆ ಪತ್ರಾಸು ಹೊದಿಸಿದ ಕೋಣೆ. ಹಿಂದೆ ಕಲ್ಲುಗೋಡೆಯ ಕೆಳಮನೆಯಲ್ಲಿ ತಂಪಾಗಿ ನಡೆಯುತ್ತಿದ್ದ ಕೆಲಸ ಈಗ ಮಧ್ಯಾಹ್ನ ಮೂರು ಗಂಟೆಗೆ ತಗಡಿನ ಕೆಳಗೆ. ಕೈ ಮೇಲೆತ್ತಿದರೆ ಬೆರಳಿಗೆ ತಗಡಿನ ಝಳ ತಾಗುತ್ತದೆ. ಗೋಡೆಯ ತಾಪಮಾಪಕ 38 ತೋರಿಸುವ ದಿನಗಳಿವೆ. ಜನವರಿಯ ಬೆಳಗ್ಗೆ ಅದೇ ಕೋಣೆ 20.

ಕೋಣೆಯ ಒಂದು ಡಿಗ್ರಿ ಪ್ರೊಸೆಸರಿನ ಒಂದು ಡಿಗ್ರಿ. ಯಾವ ಫ್ಯಾನೂ ಇದನ್ನು ತಪ್ಪಿಸಲಾರದು, ಕೋಣೆಯ ಗಾಳಿಯನ್ನೇ ತಾನೇ ಅದು ಊದುವುದು. ನಮ್ಮ ಅರ್ಧ ಡಿಗ್ರಿಯ ಲೆಕ್ಕದಲ್ಲಿ 18 ಡಿಗ್ರಿ ಅಂದರೆ 36 ವ್ಯಾಟ್. ಕಂಟ್ರೋಲರಿನ 2 ವ್ಯಾಟಿಗೆ ತಲೆ ಕೆಡಿಸಿಕೊಂಡವರು ತಗಡಿನ 36 ವ್ಯಾಟನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಇದರ ಮೇಲೆ ಧೂಳು. ಸುತ್ತ ಕಬ್ಬಿನ ಸೀಮೆ, ಕಟಾವು ಮುಗಿದ ಹೊಲದಲ್ಲಿ ರವದಿಗೆ ಬೆಂಕಿ ಹಚ್ಚಿದರೆ ಕರಿ ಬೂದಿಯ ಎಸಳು ಊರ ಮೇಲೆಲ್ಲ ತೇಲಿ ಬರುತ್ತದೆ. ಕೂಲರ್ ಬಿಚ್ಚಿದಾಗ ಫ್ಯಾನಿನ ಕೆಳಗೆ ಆ ಬೂದಿಯೂ ಧೂಳೂ ಸೇರಿ ಕಂಬಳಿಯಂತೆ ಎದ್ದು ಬಂತು. ಬ್ರಶ್ ಹೊಡೆದು ಹೊಸ ಪೇಸ್ಟ್ ಹಚ್ಚಿದ ಮೇಲೆ ಸಿಕ್ಕ ಲಾಭ ಎಕ್ಸ್‌ಎಂಪಿ ತೆಗೆದರೆ ಸಿಗುತ್ತಿದ್ದದ್ದಕ್ಕಿಂತ ಹೆಚ್ಚು.

*

ರ‍್ಯಾಮನ್ನು ಮರೆತೇಬಿಟ್ಟೆವು. ಅದೂ ಕಾಯುತ್ತದೆ. ರ‍್ಯಾಮಿನ ಒಂದೊಂದು ಕೋಶದಲ್ಲೂ ಚಿಟಿಕೆಯಷ್ಟು ವಿದ್ಯುದಂಶ ಕೂತಿರುತ್ತದೆ, ಕ್ಷಣಕ್ಷಣಕ್ಕೂ ಸೋರುತ್ತದೆ, ಮತ್ತೆ ತುಂಬಬೇಕು. ಬಿಸಿಯಾದಷ್ಟೂ ಸೋರುವುದು ಬೇಗ. ಅದಕ್ಕೇ 85 ಡಿಗ್ರಿ ದಾಟಿದರೆ ತುಂಬುವ ಕೆಲಸವನ್ನು ಎರಡು ಪಟ್ಟು ಮಾಡಬೇಕೆಂದು ನಿಯಮವಿದೆ. ಅಂಗಡಿಯವರ ಅನುಭವವೂ ಇದಕ್ಕೆ ಹೊಂದುತ್ತದೆ: ಚಳಿಗಾಲದಲ್ಲಿ ಎಕ್ಸ್‌ಎಂಪಿ ಹಚ್ಚಿಸಿಕೊಂಡು ಖುಷಿಯಿಂದ ಹೋದವರಲ್ಲಿ ಕೆಲವರು ಮೇ ತಿಂಗಳಲ್ಲಿ ನೀಲಿ ಪರದೆಯ ಫೋಟೊ ಕಳಿಸುತ್ತಾರೆ. ಅವರು ಆಗ ಪ್ರೊಸೆಸರಿನ ಡಿಗ್ರಿ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳುತ್ತಾರೆ. ಪ್ರೊಸೆಸರಿಗೆ ಫ್ಯಾನ್ ಇದೆ, ಪಕ್ಕದ ಪಟ್ಟಿಗಳಿಗೆ ಪೆಟ್ಟಿಗೆಯೊಳಗಿನ ಗಾಳಿಯೇ ಗತಿ. ಡಿಡಿಆರ್5ರಲ್ಲಿ ವೋಲ್ಟೇಜ್ ಹದಮಾಡುವ ಚಿಪ್ಪೂ ಪಟ್ಟಿಯ ಮೇಲೇ ಬಂದು ಕೂತಿದೆ, ಅದರ ಕಾವೂ ಅಲ್ಲಿಗೇ.

*

ಕೊನೆಗೆ ಅಳಿಯ ಮಾಡಿದ್ದು: ಎಕ್ಸ್‌ಎಂಪಿ ಹಾಗೇ ಇಟ್ಟ, ವಿದ್ಯುತ್ತಿನ ಮಿತಿಯನ್ನು ಕೈಯಿಂದ 100 ವ್ಯಾಟಿಗೆ ಕಟ್ಟಿದ. 38ರ ಕೋಣೆ, 50ರ ಏರಿಕೆ, 88 ಡಿಗ್ರಿ. ಲೆಕ್ಕ ಹೆಚ್ಚುಕಡಿಮೆ ಹೊಂದಿತು. 65ಕ್ಕೆ ಇಳಿಸಪ್ಪ ಅಂದರೆ ಕೇಳಲಿಲ್ಲ, ಪೂರ್ತಿ ಬಿಡುವುದಕ್ಕೂ ಒಪ್ಪಲಿಲ್ಲ. ಮಿತಿ ಇಲ್ಲದಿದ್ದಾಗಿನಷ್ಟು ಜಲ್ದಿ ರೆಂಡರ್ ಮುಗಿಯುವುದಿಲ್ಲವಲ್ಲ, ಗಿರಾಕಿಗೆ ಏನು ಹೇಳುತ್ತೀ ಎಂದು ಕೇಳಿದೆ.

“ಲಗ್ನ ಆಗಿ ಹೋಗೇತಿ ಮಾಮಾ,” ಅಂದ. “ಕ್ಯಾಸೆಟ್ ಹತ್ತು ಮಿನಿಟು ತಡಾ ಆದ್ರ ಯಾರೂ ಮುರಕೊಂಡು ಹೋಗೂದಿಲ್ಲ.”